ನೆಲಮಾಳಿಗೆಯ ನೀರಿನ ಜಾಡು

2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರಿಗಾಗಿ ಕಾದು ಕುಳಿತಿದ್ದ ನಮ್ಮದೇ ಮನೆಯ ನೆಲಮಾಳಿಗೆಯಲ್ಲಿ, ಅದೇ ವರ್ಷದ ಅಕ್ಟೋಬರ್ ಮಳೆಗೆ ಪಾದ ಮುಳುಗುವಷ್ಟು ನೀರು ನಿಂತಿತು. ಬೆಂಗಳೂರಿನ ಗವಿಪುರದ ಈ ನಿವೇಶನ ಕೆಂಪಾಂಬುಧಿ ಕೆರೆಯ ಕಡೆಗೆ ಇಳಿಜಾರಾಗಿದೆ. ಆದುದರಿಂದಲೇ ಮಾವನವರ ತಂದೆ ಹಿಂಭಾಗದ ತಗ್ಗನ್ನು ಮಣ್ಣು ತುಂಬಿ ಮುಚ್ಚಿಸದೆ, ಸೈಜುಗಲ್ಲು ಮತ್ತು ಸುಣ್ಣದ ಗಾರೆಯಲ್ಲಿ ಅಲ್ಲೊಂದು ನೆಲಮಾಳಿಗೆ ಕಟ್ಟಿಸಿದ್ದರು. ಅದರ ಮೂರು ಗೋಡೆಗಳ ಹಿಂದೆ ಮಣ್ಣಿದೆ.

ಹಿಂದೊಮ್ಮೆ ಬಂದಿದ್ದ ಗುತ್ತಿಗೆದಾರರೊಬ್ಬರು ಒಳಗೋಡೆಗೆ ಸಿಮೆಂಟು ಬಳಿದು, ಮೇಲೆ ವಾಟರ್‌ಪ್ರೂಫ್ ಬಣ್ಣ ಹಚ್ಚಿ ಹೋಗಿದ್ದರು. ಅದು ಈಗ ಹಪ್ಪಳದಂತೆ ಉಬ್ಬಿ ಉದುರುತ್ತಿತ್ತು. ನೀರು ಹೊರಗಿನಿಂದ ಒತ್ತುವಾಗ ಒಳಗಿನ ಲೇಪವನ್ನು ಗೋಡೆಯಿಂದ ದೂಡುತ್ತದೆಯೇ ಹೊರತು ತಾನು ನಿಲ್ಲುವುದಿಲ್ಲ. ಅದರೊಡನೆ ಬಂದ ಲವಣ ಲೇಪದ ಹಿಂದೆ ಹರಳುಗಟ್ಟಿ ಉಳಿದುದನ್ನೂ ಸಡಿಲಿಸುತ್ತದೆ.

ಈ ಬಾರಿ ಕರೆಸಿದ ಹಿರಿಯ ಗಾರೆ ಮೇಸ್ತ್ರಿ ಬಣ್ಣದ ಮಾತನ್ನೇ ಎತ್ತಲಿಲ್ಲ. "ಮೊದಲು ನೀರು ಎಲ್ಲಿಂದ ಬರ್ತಿದೆ ನೋಡೋಣಮ್ಮ" ಎಂದವರು ಸಂಪಿನ ಒಳಹರಿವಿನ ವಾಲ್ವ್ ಮುಚ್ಚಿ, ಮೋಟಾರು ನಿಲ್ಲಿಸಿ, ಸಂಪಿನ ನೀರಿನ ಮಟ್ಟಕ್ಕೆ ಇದ್ದಿಲಿನಿಂದ ಗೆರೆ ಎಳೆದು ಹೋದರು. ಮರುದಿನ ಬೆಳಿಗ್ಗೆಯೂ ನೀರು ಗೆರೆಯಲ್ಲೇ ಇದ್ದುದರಿಂದ ಸಂಪಿನ ಮೇಲಿನ ಅನುಮಾನ ಹೋಯಿತು. ಒಳಚರಂಡಿಯ ಚೇಂಬರ್ ಇರುವುದು ನೆಲಮಾಳಿಗೆಗಿಂತ ತಗ್ಗಿನಲ್ಲಾದುದರಿಂದ ಅದನ್ನೂ ಬಿಟ್ಟರು.

ಉಳಿದದ್ದು ಮುಂಭಾಗದ ಇಂಗುಗುಂಡಿ. ಮಳೆನೀರು ಕೊಯ್ಲು ಕಡ್ಡಾಯವಾದ ಮೇಲೆ, ತಾರಸಿಯ ಪೈಪಿಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಅದನ್ನು ಅಡಿಪಾಯದ ಪಕ್ಕದಲ್ಲಿ, ನೆಲಮಾಳಿಗೆಗಿಂತ ಎತ್ತರದ ನೆಲದಲ್ಲಿ ತೋಡಲಾಗಿತ್ತು. ಬಟ್ಟೆಗೆ ಹಾಕುವ ನೀಲಿಯನ್ನು ಅದರಲ್ಲಿ ಕಲಸಿ ನೋಡೋಣವೇ ಎಂದು ನಾನು ಕೇಳಿದ್ದಕ್ಕೆ, "ಬಣ್ಣ ಮಣ್ಣಲ್ಲೇ ನಿಂತುಹೋಗುತ್ತೆ, ಬರೀ ನೀರು ಸಾಕು" ಎಂದರು. ಮಳೆ ಬಿಟ್ಟು, ನೆಲಮಾಳಿಗೆಯ ನೀರನ್ನು ಹೊರಹಾಕಿ ನೆಲ ಒರೆಸಿದ ಮೇಲೆ, ಟ್ಯಾಂಕರ್ ನೀರಿನ ಬೆಲೆ ಗೊತ್ತಿದ್ದ ಅತ್ತೆಯವರು ಮುಖ ಸಿಂಡರಿಸುತ್ತಿದ್ದಂತೆಯೇ, ಬೆಳಿಗ್ಗೆಯಿಂದ ಗುಂಡಿಗೆ ಪೈಪು ಬಿಟ್ಟೆವು. ಮಧ್ಯಾಹ್ನದವರೆಗೂ ಏನೂ ಕಾಣಲಿಲ್ಲ. ಸಂಜೆಯ ಹೊತ್ತಿಗೆ, ಗುಂಡಿಗೆ ನೇರವಾಗಿರುವ ಗೋಡೆಯೂ ನೆಲವೂ ಕೂಡುವ ಸಂದಿಯಲ್ಲಿ ನೀರು ಜಿನುಗತೊಡಗಿತು. ಉಳಿದ ಗೋಡೆಗಳ ಬುಡ ಒಣಗಿಯೇ ಇತ್ತು. ಮಳೆ ನಿಂತ ಮೇಲೂ ಗಂಟೆಗಟ್ಟಲೆ ನೀರು ಬರುತ್ತಿದ್ದುದೇಕೆಂಬುದು ಆಗ ನನಗೆ ಅರ್ಥವಾಯಿತು. ಅಷ್ಟೂ ಹೊತ್ತು ಅದು ಮಣ್ಣಿನೊಳಗೆ ನಡೆದು ಬರುತ್ತಿತ್ತು.

ಹಳೆಯ ಗುಂಡಿಯನ್ನು ಜೇಡಿಮಣ್ಣಿನಿಂದ ದಮ್ಮಸು ಮಾಡಿ ಮುಚ್ಚಿಸಿ, ತಾರಸಿಯ ಪೈಪನ್ನು ಹಿತ್ತಲಿನ ತಗ್ಗಿನವರೆಗೂ ಎಳೆಸಿ, ಮನೆಯಿಂದ ದೂರದಲ್ಲಿ ಹೊಸ ಇಂಗುಬಾವಿ ತೋಡಿಸಿದೆವು. ಇಂಗಿಸುವುದು ಬೇಡವೆಂದು ನೆರೆಯವರು ಹೇಳಿದ್ದುಂಟು, ಆದರೆ ಬೇಸಿಗೆಯ ಟ್ಯಾಂಕರುಗಳನ್ನು ಕಂಡ ಮೇಲೆ ಆ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ಒಳಗಿನ ಸಿಮೆಂಟನ್ನು ಕೆತ್ತಿಸಿ ಗೋಡೆಯನ್ನು ಹಾಗೆಯೇ ಬಿಟ್ಟಿದ್ದೇವೆ. ದಪ್ಪ ಕಲ್ಲುಗೋಡೆ ಒಣಗಲು ತಿಂಗಳುಗಳೇ ಬೇಕಂತೆ. ಅದು ಒಣಗಿದ ಮೇಲೆ, ತೇವ ಆವಿಯಾಗಿ ಹೋಗಲು ಬಿಡುವ ಸುಣ್ಣದ ಗಾರೆಯನ್ನೇ ಮೆತ್ತುವುದಾಗಿ ಮೇಸ್ತ್ರಿ ಒಪ್ಪಿದ್ದಾರೆ. ಅಲ್ಲಿಯವರೆಗೆ ಅತ್ತೆಯವರ ಕಬ್ಬಿಣದ ಟ್ರಂಕುಗಳು ನಡುಮನೆಯಲ್ಲೇ ಇರುತ್ತವೆ.