ಕೆಂಪು ಚುಕ್ಕೆಗಳು

ನಮ್ಮ ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಈಗ ಸಿಮೆಂಟು ಹಾಕಿದ್ದಾರಂತೆ. ನಾನು ಒಂಬತ್ತನೆಯ ತರಗತಿಯಲ್ಲಿದ್ದ 1993ರಲ್ಲಿ ಅದು ಕೆಮ್ಮಣ್ಣಿನ ಅಂಕಣ. ಆಟಕ್ಕೆ ಮೊದಲು ನೀರು ಚಿಮುಕಿಸಿ, ಸುಣ್ಣದ ಪುಡಿಯಿಂದ ಗೆರೆ ಎಳೆಯುವುದು ನಮ್ಮದೇ ಕೆಲಸ. ಆ ವರ್ಷ ತಂಡದ ಆಯ್ಕೆಯ ದಿನ ಹುಡುಗಿಯರನ್ನು ಎತ್ತರದ ಪ್ರಕಾರ ನಿಲ್ಲಿಸಿದಾಗ ಸಾಲಿನ ಕಟ್ಟಕಡೆಗೆ ನಿಂತವಳು ನಾನು. ಮನೆಗೆ ಹೋಗಿ ಅತ್ತೆ.

ಮರುದಿನ ಪಿ.ಟಿ. ಮೇಷ್ಟರು ಕರೆದು, ಹಾಜರಿ ಪುಸ್ತಕದ ನಡುವೆ ಇಟ್ಟಿದ್ದ ಒಂದು ಚಿತ್ರವನ್ನು ಕೈಗಿತ್ತರು. ಯಾವುದೋ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿಟ್ಟದ್ದು. ಒಂದೇ ಬಗೆಯ ಅಂಗಿ ತೊಟ್ಟ ಇಬ್ಬರು ಆಟಗಾರರು. ಒಬ್ಬ ಸುಡಾನಿನ ಮನೂಟ್ ಬೋಲ್, 7 ಅಡಿ 7 ಅಂಗುಲ. ಪಕ್ಕದಲ್ಲಿ ಅವನ ಎದೆಯನ್ನೂ ಮುಟ್ಟದ ಮಗ್ಸಿ ಬೋಗ್ಸ್, 5 ಅಡಿ 3 ಅಂಗುಲ. “ಇವರಲ್ಲಿ ತಂಡವನ್ನು ನಡೆಸುವವನು ಯಾರು, ಹೇಳು ನೋಡೋಣ” ಎಂದರು ಮೇಷ್ಟರು. ನಾನು ಎತ್ತರದವನ ಮೇಲೆ ಬೆರಳಿಟ್ಟೆ. ಅವರು ನನ್ನ ಬೆರಳನ್ನು ಹಿಡಿದು ಪಕ್ಕಕ್ಕೆ ಸರಿಸಿದರು.

ಬೋಗ್ಸ್ ಬಾಲ್ಟಿಮೋರ್ ನಗರದ ಬಡ ಕೇರಿಯ ಹುಡುಗ. ಅವನು ಆಡಿದ ಡನ್ಬಾರ್ ಶಾಲೆಯ ತಂಡ ಎರಡು ವರ್ಷ ಒಂದು ಪಂದ್ಯವನ್ನೂ ಸೋಲಲಿಲ್ಲ. 1987ರಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಆಯ್ಕೆಯಲ್ಲಿ ಆ ಒಂದೇ ಶಾಲೆಯ ಮೂವರು ಗೆಳೆಯರು ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಹನ್ನೆರಡನೆಯವನಾಗಿ ಆಯ್ಕೆಯಾದ ಬೋಗ್ಸ್ ವಾಷಿಂಗ್ಟನ್ ತಂಡ ಸೇರಿದ. ಮರುವರ್ಷ ಹೊಸ ತಂಡಗಳು ಆಟಗಾರರನ್ನು ಆರಿಸಿಕೊಳ್ಳುವಾಗ ವಾಷಿಂಗ್ಟನ್ ಅವನನ್ನು ಉಳಿಸಿಕೊಳ್ಳಲಿಲ್ಲ. ಆಗಷ್ಟೇ ಹುಟ್ಟಿದ್ದ ಷಾರ್ಲಟ್ ಹಾರ್ನೆಟ್ಸ್ ಕರೆದುಕೊಂಡಿತು. ಅಲ್ಲಿ ಸುಮಾರು ಹತ್ತು ವರ್ಷ ಆಡಿದ. 1989–90ರಲ್ಲಿ ಪಂದ್ಯವೊಂದಕ್ಕೆ ಸರಾಸರಿ 10.7 ಅಸಿಸ್ಟ್, ಅಂದರೆ ಅವನು ಕೊಟ್ಟ ಚೆಂಡಿನಿಂದ ಬೇರೆಯವರು ಅಷ್ಟು ಸಲ ಬುಟ್ಟಿ ತುಂಬಿಸಿದರು.

1993ರ ಏಪ್ರಿಲ್‌ನಲ್ಲಿ ಏಳು ಅಡಿಯ ಪ್ಯಾಟ್ರಿಕ್ ಯೂಯಿಂಗ್‌ನ ಚೆಂಡನ್ನು ಬೋಗ್ಸ್ ತಡೆದದ್ದನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಬೇರೆ. ಹದಿನಾಲ್ಕು ಋತುಗಳಲ್ಲಿ ಅವನ ಅಸಿಸ್ಟ್‌ಗಳು 6,726. ಅಷ್ಟೆಲ್ಲ ಚೆಂಡು ಹಂಚಿಯೂ ಅವನು ಎದುರಾಳಿಗೆ ಬಿಟ್ಟುಕೊಟ್ಟದ್ದು ಪಂದ್ಯಕ್ಕೆ ಸರಾಸರಿ ಎರಡು ಸಲಕ್ಕಿಂತ ಕಡಿಮೆ. ಎತ್ತರದವರು ಅವನ ಚೆಂಡು ಕಸಿಯಬೇಕಾದರೆ ಸೊಂಟ ಬಗ್ಗಿಸಬೇಕು. ಅವರು ಬಗ್ಗುವಷ್ಟರಲ್ಲಿ ಅವನು ದಾಟಿರುತ್ತಿದ್ದ. ಅವರ ಚೆಂಡಾದರೋ ನೆಲದಿಂದ ಪುಟಿದು ಮೇಲೇರುವಾಗ ಅವನ ಕೈ ಮಟ್ಟಕ್ಕೇ ಬರುತ್ತಿತ್ತು, ಹಾಗೆಯೇ ಎಗರಿಸುತ್ತಿದ್ದ. ಅವನನ್ನು ಬರಿಯ ಗಿಡ್ಡತನಕ್ಕಾಗಿ ನೆನೆಯುವವರನ್ನು ಕಂಡರೆ ನನಗೆ ಇಂದಿಗೂ ಬೇಸರ.

ಮೇಷ್ಟರು ನನಗೆ ಕಲಿಸಿದ್ದೂ ಇದನ್ನೇ. ಬೆತ್ತವನ್ನು ನನ್ನ ಮೊಣಕಾಲಿನ ಮಟ್ಟಕ್ಕೆ ಅಡ್ಡವಾಗಿ ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದರು. ನಾನು ಚೆಂಡನ್ನು ಅದರಡಿಯಲ್ಲೇ ಪುಟಿಸುತ್ತಾ ಅವರನ್ನು ಹಿಂಬಾಲಿಸಬೇಕು. ಮಣ್ಣಿನ ನೆಲ, ಸಣ್ಣ ಹರಳು ಸಿಕ್ಕರೂ ಚೆಂಡು ದಿಕ್ಕು ತಪ್ಪುತ್ತಿತ್ತು. ಬೆತ್ತಕ್ಕೆ ತಾಗಿದರೆ “ಮೊದಲಿಂದ” ಎನ್ನುವುದು ಬಿಟ್ಟು ಬೇರೆ ಮಾತಿಲ್ಲ. ಆ ಬೆತ್ತ ಯಾರ ಮೈಮೇಲೂ ಬಿದ್ದದ್ದನ್ನು ನಾನು ಕಾಣೆ. ದೀಪಾವಳಿಯ ಹೊತ್ತಿಗೆ ಕಣ್ಣೆತ್ತಿ ಓಡುವುದು ಬಂತು. ಕೈ ತಾನಾಗಿಯೇ ಚೆಂಡನ್ನು ನೋಡಿಕೊಳ್ಳುತ್ತಿತ್ತು. ಆಗ ಕಂಡಿತು ಅಂಕಣ: ಯಾರು ಎಲ್ಲಿ ಓಡಲಿದ್ದಾರೆ, ಯಾರ ಕೈ ಖಾಲಿಯಿದೆ ಎಂದು.

ಬೋಗ್ಸ್‌ನ ಮೊಣಕಾಲು 1995ರಲ್ಲಿ ಕೈಕೊಟ್ಟಿತು. ಆ ಋತುವಿನಲ್ಲಿ ಆಡಿದ್ದು ಆರೇ ಪಂದ್ಯ. ಅವನು ಮತ್ತೆ ಆಡಿ, ಮುಂದೆ ಗೋಲ್ಡನ್ ಸ್ಟೇಟ್‌ಗೂ ಟೊರೊಂಟೊಗೂ ಹೋದದ್ದು ನನಗೆ ಎಷ್ಟೋ ವರ್ಷಗಳ ನಂತರ ತಿಳಿಯಿತು. ಅಷ್ಟರಲ್ಲಿ ನಾನು ಶಾಲೆ ಬಿಟ್ಟಾಗಿತ್ತು.

ಹತ್ತನೆಯ ತರಗತಿಯ ಕೊನೆಯ ಪಂದ್ಯ ಮುಗಿದ ಸಂಜೆ ಮೇಷ್ಟರು ತಮ್ಮ ಅಂಕಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟು ಚಹಾಕ್ಕೆ ಹೋಗಿದ್ದರು. ನಾನು ಇಣುಕಿದೆ. ಆಗ ನಮ್ಮ ಪುಸ್ತಕದಲ್ಲಿ ಬುಟ್ಟಿಗೆ ಹಾಕಿದವರ ಲೆಕ್ಕ ಮಾತ್ರ ಇರುತ್ತಿತ್ತು, ಅಸಿಸ್ಟ್‌ಗೆ ಜಾಗವಿರಲಿಲ್ಲ. ನನ್ನ ಹೆಸರಿನ ಮುಂದೆ ಅಂಕ ನಾಲ್ಕು. ಅದರ ಪಕ್ಕದ ಅಂಚಿನಲ್ಲಿ ಕೆಂಪು ಪೆನ್ಸಿಲಿನ ಚುಕ್ಕೆಗಳು, ಒತ್ತೊತ್ತಾಗಿ. ಎಣಿಸಿದೆ, ಹನ್ನೊಂದು ಇದ್ದವು. ಹಿಂದಿನ ಪುಟ ತಿರುಗಿಸಿದೆ. ಅಲ್ಲಿಯೂ ಇದ್ದವು.