ಬಾಟಲಿಯ ತಳದಲ್ಲಿದ್ದದ್ದು ಗಾಜಲ್ಲ

ಕ್ರಿಸ್‌ಮಸ್‌ಗೆ ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸು ಹಬ್ಬದ ತಿಂಡಿ ಕುಸ್ವಾರ್ ಜೊತೆ ಒಂದು ಬಾಟಲಿ ದ್ರಾಕ್ಷಿ ವೈನ್ ಕೊಟ್ಟಿದ್ದರು. ಕಪ್ಪು ದ್ರಾಕ್ಷಿ, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಹಾಕಿ ಭರಣಿಯಲ್ಲಿ ಅವರೇ ಮಾಡಿದ್ದು. ಮಂಗಳೂರಿನ ಬಿಜೈಯ ನಮ್ಮ ಓಣಿಯಲ್ಲಿ ಡಿಸೆಂಬರ್ ಬಂತೆಂದರೆ ಆ ಪರಿಮಳ ಬರಲೇಬೇಕು. ನಾನು ಬಾಟಲಿಯನ್ನು ಫ್ರಿಜ್ಜಿನ ಹಿಂದುಗಡೆ ಇಟ್ಟು ಮರೆತುಬಿಟ್ಟೆ.

ಜನವರಿ ಕೊನೆಗೆ ಅಮ್ಮನ ಕಣ್ಣಿಗೆ ಬಿತ್ತು. ಬೆಳಕಿಗೆ ಹಿಡಿದು ನೋಡಿ, "ಇದ್ರಲ್ಲಿ ಗಾಜಿನ ಪುಡಿ ಉಂಟು ಮಾರಾಯ್ತಿ, ಚೆಲ್ಲು" ಅಂದಳು.

ತಳದಲ್ಲಿ ನಿಜವಾಗಿಯೂ ಏನೋ ಮಿನುಗುತ್ತಿತ್ತು. ಕಲ್ಲುಸಕ್ಕರೆಯ ಚೂರಿನ ಹಾಗೆ, ಆದರೆ ಚಪ್ಪಟೆ, ವೈನಿನ ಬಣ್ಣ ಹಿಡಿದು ನಸುಗೆಂಪು. ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವವಳು. ಇದನ್ನು ಚೆಲ್ಲಲು ನನಗೆ ಮನಸ್ಸು ಬರುತ್ತದಾ? ವೈನ್ ಸೋಸಿ, ಒಂದು ಚಿಟಿಕೆ ಹರಳನ್ನು ಬಿಸಿನೀರಿಗೆ ಹಾಕಿದೆ. ಕದಡಿದಾಗ ಕರಗಿತು. ಗಾಜು ಕರಗುವುದಿಲ್ಲ ಅಲ್ವಾ? ಆಮೇಲೆ ಆ ನೀರಿಗೆ ಸ್ವಲ್ಪ ಅಡುಗೆ ಸೋಡಾ ಹಾಕಿದೆ. ಬುಸ್ಸೆಂದು ನೊರೆ ಎದ್ದಿತು. ಅಮ್ಮ ಸ್ಟೂಲ್ ಎಳೆದುಕೊಂಡು ಕೂತಳು.

ಅದು ಟಾರ್ಟಾರಿಕ್ ಆಸಿಡ್‌ನ ಉಪ್ಪು. ದ್ರಾಕ್ಷಿಯಲ್ಲಿ ಈ ಆಸಿಡ್ ಜಾಸ್ತಿ, ಪೊಟ್ಯಾಸಿಯಂ ಕೂಡ ಉಂಟು. ರಸದಲ್ಲಿ ಎರಡೂ ಕರಗಿಕೊಂಡೇ ಇರುತ್ತವೆ. ಹುದುಗಿ ಆಲ್ಕೋಹಾಲ್ ಬಂದ ಮೇಲೆ ಇವೆರಡೂ ಸೇರಿ ಆಗುವ ಉಪ್ಪು ಕರಗಿ ನಿಲ್ಲುವುದು ಕಷ್ಟ. ತಣ್ಣಗಾದರೆ ಇನ್ನೂ ಕಷ್ಟ, ಹರಳಾಗಿ ತಳಕ್ಕೆ ಇಳಿಯುತ್ತದೆ. ಇದೇ ಹರಳನ್ನು ಶುದ್ಧ ಮಾಡಿದರೆ ಬೇಕರಿಯವರು ಬಳಸುವ ಹುಳಿ ಪುಡಿ, ಕ್ರೀಮ್ ಆಫ್ ಟಾರ್ಟರ್. ದೊಡ್ಡ ವೈನರಿಗಳಲ್ಲಿ ಬಾಟಲಿಗೆ ತುಂಬುವ ಮೊದಲೇ ವೈನನ್ನು ಚೆನ್ನಾಗಿ ತಣ್ಣಗೆ ಮಾಡಿ ಇದನ್ನು ಇಳಿಸಿಬಿಡುತ್ತಾರೆ.

ದ್ರಾಕ್ಷಿಯಲ್ಲಿ ಮ್ಯಾಲಿಕ್ ಆಸಿಡ್ ಎಂಬ ಇನ್ನೊಂದು ಹುಳಿಯೂ ಇರುತ್ತದೆ. ಹಣ್ಣಾಗುತ್ತಾ ಬಂದ ಹಾಗೆ, ಅದರಲ್ಲೂ ಸೆಕೆಯ ಊರಲ್ಲಿ, ಅದು ಬೇಗ ಕಡಿಮೆಯಾಗುತ್ತದೆ. ಟಾರ್ಟಾರಿಕ್ ಅಷ್ಟು ಸುಲಭಕ್ಕೆ ಕಡಿಮೆಯಾಗುವುದಲ್ಲ. ವೈನ್ ಸಪ್ಪೆಯಾಗದ ಹಾಗೆ, ಬೇಗ ಕೆಡದ ಹಾಗೆ ಕಾಯುವುದರಲ್ಲಿ ಅದರ ಪಾಲು ದೊಡ್ಡದು. ಹುಳಿ ಸಾಲದಿದ್ದರೆ ವೈನ್ ಮಾಡುವವರು ಇದನ್ನೇ ಮೇಲಿಂದ ಸೇರಿಸುತ್ತಾರೆ.

"ನಮ್ಮ ಹುಣಸೆಯಲ್ಲೂ ಇದೇ ಇರುವುದು" ಅಂದೆ. ಅಮ್ಮ ನಂಬಲಿಲ್ಲ. ಆದರೆ ಹುಣಸೆ ಎಷ್ಟು ಹಣ್ಣಾದರೂ ಹುಳಿ ಬಿಡದಿರುವುದು ಇದರಿಂದಲೇ. ಶುಕ್ರವಾರ ಅಮ್ಮ ಹುಣಸೆಹುಳಿ ಉಜ್ಜಿದಾಗ ಹಿತ್ತಾಳೆಯ ಕಾಲುದೀಪ ಹೊಳೆಯುವುದೂ ಇದರಿಂದ. ಆಸಿಡ್ ಕಿಲುಬನ್ನು ಕರಗಿಸುತ್ತದೆ, ಅದರಲ್ಲಿರುವ ತಾಮ್ರವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಮ್ಮ ಲ್ಯಾಬಿನಲ್ಲಿ ಸಕ್ಕರೆ ಪತ್ತೆಗೆ ಬಳಸುವ ಫೆಹ್ಲಿಂಗ್ ದ್ರಾವಣದಲ್ಲಿ ತಾಮ್ರ ತಳಕ್ಕೆ ಇಳಿಯದಂತೆ ಹಿಡಿದಿಡುವುದೂ ಇದರ ಉಪ್ಪೇ.

ಈ ಆಸಿಡನ್ನು 1769ರಲ್ಲಿ ಬೇರ್ಪಡಿಸಿದವರು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ. ಆದರೆ ನನಗೆ ತುಂಬಾ ಇಷ್ಟ 1848ರ ಕಥೆ. 25 ವರ್ಷದ ಲೂಯಿ ಪಾಶ್ಚರ್ ಪ್ಯಾರಿಸ್ಸಿನಲ್ಲಿ ಇದೇ ಜಾತಿಯ ಆಸಿಡ್‌ನ ಒಂದು ಉಪ್ಪಿನ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಎರಡು ಬಗೆ ಕಂಡವು, ಎಡಗೈ ಬಲಗೈ ಇದ್ದ ಹಾಗೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದೇ ಹರಳನ್ನು ಹೆಕ್ಕಿ ಬೇರೆ ಮಾಡಿದರು. ಕರಗಿಸಿ ನೋಡಿದರೆ ಒಂದು ಬಗೆ ಧ್ರುವೀಕೃತ ಬೆಳಕನ್ನು (ಒಂದೇ ಸಮತಲದಲ್ಲಿ ಕಂಪಿಸುವ ಬೆಳಕು) ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ. ಅಣುಗಳಿಗೂ ಎಡ ಬಲ ಉಂಟು ಎಂಬುದಕ್ಕೆ ದಾರಿ ತೆರೆದದ್ದು ಅಲ್ಲಿ. ದ್ರಾಕ್ಷಿ ತಾನಾಗಿ ಮಾಡುವುದು ಮಾತ್ರ ಒಂದೇ ಕೈಯದ್ದು.

ಅಮ್ಮ ಹರಳನ್ನು ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು.

"ಹಾಗಾದ್ರೆ ಹುಣಸೆಯದ್ದು ಯಾವ ಕೈ?"

"ದ್ರಾಕ್ಷಿಯದ್ದೇ, ಅಮ್ಮ."