ಫಾಂಟ್ ಆರಿಸುವ ಮುನ್ನ ‘ರಾಷ್ಟ್ರ’ ಎಂದು ಟೈಪಿಸಿ ನೋಡಿ
ಕನ್ನಡ ಫಾಂಟಿನ ಬಂಡವಾಳ ಬಯಲಾಗುವುದು ಒತ್ತಕ್ಷರಗಳಲ್ಲಿ. ‘ರಾಷ್ಟ್ರ’, ‘ಸ್ತ್ರೀ’, ‘ಕರ್ತೃ’ ಎಂದು ಎರಡು ಸಾಲು ಟೈಪಿಸಿ. ಷ ಕೆಳಗಿನ ಟ, ರ ಒತ್ತುಗಳು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತಿದ್ದರೆ ಸಾಲಿನ ಅಂತರವನ್ನು ಅಕ್ಷರಗಾತ್ರದ 1.6ರಿಂದ 1.8 ಪಟ್ಟಿಗೆ ಏರಿಸಿ. ಇಂಗ್ಲಿಷಿಗೆ ಸಾಕಾಗುವ 1.2 ಇಲ್ಲಿ ನಡೆಯದು.

ಆಮೇಲೆ ಗಾತ್ರವನ್ನು 14 ಪಿಕ್ಸೆಲ್‌ಗೆ ಇಳಿಸಿ, ದ–ಧ, ಬ–ಭ ಜೋಡಿಗಳನ್ನು ನೋಡಿ. ಅಡಿಯ ಸೀಳು ಮುಚ್ಚಿಹೋದರೆ ಆ ಫಾಂಟ್ ಶೀರ್ಷಿಕೆಗಷ್ಟೇ ಸರಿ.

ದಪ್ಪಕ್ಷರವೂ ಬೇಕೇ? ತಿರೋ ಕನ್ನಡ ಎಂಬ ಫಾಂಟಿನಲ್ಲಿ ಬೋಲ್ಡ್ ಇಲ್ಲ. ಬೋಲ್ಡ್ ಬಟನ್ ಒತ್ತಿದರೆ ತಂತ್ರಾಂಶವೇ ಗೆರೆಗಳನ್ನು ಊದಿಸಿ ಅಕ್ಷರ ಕೆಡಿಸುತ್ತದೆ. ನೋಟೋ ಸ್ಯಾನ್ಸ್ ಕನ್ನಡ ಫಾಂಟಿನಲ್ಲಿ ಹಲವು ತೂಕಗಳಿವೆ, ಅಂದರೆ ತೆಳುವಿನಿಂದ ದಪ್ಪದವರೆಗಿನ ರೂಪಗಳು. ನೋಡಲು ಸ್ವಲ್ಪ ಸಪ್ಪೆ, ನಿಜ.

ಫಾಂಟ್ ಬದಲಿಸಿದೊಡನೆ ಪಠ್ಯ ಕಲಸುಮೇಲೋಗರವಾದರೆ ಅದು ಯೂನಿಕೋಡ್ (ಎಲ್ಲ ಕಡೆ ಒಂದೇ ಆಗಿರುವ ಅಕ್ಷರಸಂಕೇತ) ಅಲ್ಲ, ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.